ಕಲ್ಲಿಲ್ಲದ ಬಯಲಿನಲ್ಲಿ ಸ್ಟೋನ್‌ಹೆಂಜ್: ಸ್ಟ್ರಾಟಜಿ ಗೇಮ್‌ಗಳಲ್ಲಿ ಯುರೋಪಿನ ಪ್ರಾಚೀನ ಪುಣ್ಯಸ್ಥಳಗಳು

ಕೋಥ್ರೂಡ್ ಕನ್ನಡಿಗ (ಪುಣೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸಿವಿಲೈಸೇಶನ್ 6 ಎಂಬ ಸ್ಟ್ರಾಟಜಿ ಗೇಮ್ ಆಡುವವರಿಗೂ ಹಳೆಯ ಸ್ಮಾರಕಗಳಲ್ಲಿ ಆಸಕ್ತಿ ಇರುವವರಿಗೂ ಸೇರಿಸಿ ಎರಡು ಪ್ರಶ್ನೆ ಕೇಳುತ್ತಿದ್ದೇನೆ. ಒಂದು ಆಟದ ಲೆಕ್ಕಾಚಾರದ್ದು, ಇನ್ನೊಂದು ಆ ಲೆಕ್ಕಾಚಾರದ ಹಿಂದಿರುವ ಕಲ್ಪನೆಯದ್ದು.

ಮೊದಲನೆಯದು. ಆರಂಭದಲ್ಲೇ ಒಂದು ಧರ್ಮವನ್ನು ಸ್ಥಾಪಿಸಬೇಕೆಂಬ ಆಸೆಯಿಂದ ನಾನು ಅಸ್ಟ್ರಾಲಜಿ ಎಂಬ ತಂತ್ರಜ್ಞಾನ ಕೈಗೆ ಬಂದ ಕೂಡಲೇ ಸ್ಟೋನ್‌ಹೆಂಜ್ ಎಂಬ ವಂಡರ್ (ಜಗತ್ತಿನಲ್ಲಿ ಒಬ್ಬರಷ್ಟೇ ಕಟ್ಟಬಹುದಾದ ಮಹಾಸ್ಮಾರಕ) ಕಟ್ಟಲು ಹೊರಡುತ್ತೇನೆ. ಅದಕ್ಕೆ ಸಮತಟ್ಟಾದ ನೆಲ ಬೇಕು, ಪಕ್ಕದ ಟೈಲಿನಲ್ಲಿ (ನಕಾಶೆಯ ಮನೆಯಲ್ಲಿ) ಕಲ್ಲಿನ ಸಂಪನ್ಮೂಲ ಇರಬೇಕು, ಸಾಮಾನ್ಯ ವೇಗದ ಆಟದಲ್ಲಿ 180 ಪ್ರೊಡಕ್ಷನ್ (ಊರಿನ ದುಡಿಮೆಯ ಅಂಕ) ಸುರಿಯಬೇಕು. ಇಷ್ಟೆಲ್ಲ ಆಗಿ ಮುಗಿದರೆ ಒಬ್ಬ ಗ್ರೇಟ್ ಪ್ರಾಫೆಟ್ ಪುಕ್ಕಟೆಯಾಗಿ ಸಿಗುತ್ತಾನೆ, ಹೋಲಿ ಸೈಟ್ ಎಂಬ ಧಾರ್ಮಿಕ ಬಡಾವಣೆ ಇಲ್ಲದಿದ್ದರೂ ಅಲ್ಲೇ ನಿಂತು ಧರ್ಮ ಸ್ಥಾಪಿಸುತ್ತಾನೆ. ಕೆಳಗಿನ ಮಟ್ಟಗಳಲ್ಲಿ ಇದು ಸಲೀಸಾಗಿ ನಡೆಯುತ್ತದೆ. ಅತಿ ಕಠಿಣವಾದ ಡೀಟಿ ಮಟ್ಟಕ್ಕೆ ಹೋದರೆ ಮಾತ್ರ, ಇನ್ನೇನು ಕೆಲವು ಟರ್ನ್‌ಗಳಲ್ಲಿ ಮುಗಿಯುತ್ತದೆ ಎನ್ನುವಾಗ ನಾನಿನ್ನೂ ಮುಖ ಕೂಡ ನೋಡಿರದ ಯಾವುದೋ ದೇಶದವರು ಅದನ್ನು ಕಟ್ಟಿ ಮುಗಿಸಿರುವ ಸುದ್ದಿ ಬರುತ್ತದೆ. ಈ ಮಟ್ಟದಲ್ಲಿ ಅದರ ಆಸೆಯನ್ನೇ ಬಿಡಬೇಕೇ?

ಎರಡನೆಯದು ಸ್ವಲ್ಪ ಉದ್ದದ ಪ್ರಶ್ನೆ. ಮಳೆಗಾಲ ಮುಗಿದ ಮೇಲೆ ಪುಣೆ–ಲೋಣಾವಳಾ ಲೋಕಲ್ ಹಿಡಿದು, ಮಳವಲಿಯಲ್ಲಿ ಇಳಿದು ಕಾರ್ಲೆ ಗುಹೆಗಳನ್ನು ನೋಡಲು ಹೋಗಿದ್ದೆ. ಚೈತ್ಯದ ಬಾಯಿಗೆ ಅಂಟಿಕೊಂಡಂತೆಯೇ ಏಕವೀರಾ ದೇವಿಯ ಗುಡಿ ಇದೆ. ಮೆಟ್ಟಿಲ ಮೇಲಿದ್ದ ಜನರಲ್ಲಿ ಹೆಚ್ಚಿನವರು ಮುಂಬೈ ಕಡೆಯಿಂದ ಹರಕೆ ಹೊತ್ತು ಬಂದ ಕೋಳಿ ಎಂಬ ಮೀನುಗಾರ ಸಮುದಾಯದವರು. ಅವರ ಕೈಯಲ್ಲಿ ತೆಂಗಿನಕಾಯಿ, ಹಾರ, ಸೀರೆಯ ಕಣ. ಗುಹೆಯ ಒಳಗೆ ಕ್ಯಾಮೆರಾ ಹಿಡಿದವರು ಬೆರಳೆಣಿಕೆಯಷ್ಟು ಮಾತ್ರ. ಬೌದ್ಧರ ಚೈತ್ಯದ ಅಂಗಳ ಇಂದು ದೇವಿಯ ಅಂಗಳವೂ ಆಗಿದೆ, ಮತ್ತು ಅಲ್ಲಿಗೆ ಬರುವವರಾರಿಗೂ ಇದರಲ್ಲಿ ವಿರೋಧ ಕಂಡಂತಿಲ್ಲ. ಮನೆಗೆ ಬಂದು ಆಟ ತೆರೆದಾಗ ಅದರಲ್ಲಿ ಭಾರತದ ನಾಯಕರಾದ ನನ್ನ ಗಾಂಧಿ ಒಂದು ನದಿಯ ದಡದಲ್ಲಿ ಇಂಗ್ಲೆಂಡಿನ ಸ್ಟೋನ್‌ಹೆಂಜನ್ನು ಎಬ್ಬಿಸುತ್ತಿದ್ದರು, ಕ್ಲಿಯೋಪಾತ್ರ ಗ್ರೀಸಿನ ಡೆಲ್ಫಿಯ ಆರಕಲ್ (ದೇವವಾಣಿ ನುಡಿಯುವ ಕ್ಷೇತ್ರ) ಅನ್ನು ನೈಲ್ ನದಿಗೆ ತಂದಿದ್ದಳು. ತಮಾಷೆ ಸರಿಯೇ. ಆದರೆ ಪುಣ್ಯಸ್ಥಳ ಎನ್ನುವುದು ಕಾರ್ಖಾನೆಯಂತೆ ಯಾರು ಬೇಕಾದರೂ ಎಲ್ಲಿ ಬೇಕಾದರೂ ಕಟ್ಟುವ ವಸ್ತುವೇ? ಜಾಗದ ಮಹಿಮೆಯನ್ನು, ಅಲ್ಲಿಗೆ ಬರುವ ಜನರನ್ನು ಲೆಕ್ಕಕ್ಕೆ ತೆಗೆದುಕೊಂಡ ಆಟ ಯಾವುದಾದರೂ ಇದೆಯೇ? ಯುರೋಪಿನ ಸ್ಮಾರಕಗಳನ್ನೇ ಮುಂದಿಟ್ಟುಕೊಂಡು ಹೇಳಿದರೆ ಅನುಕೂಲ, ಏಕೆಂದರೆ ನಾನು ಹೇಳಿದ ಎರಡು ವಂಡರ್‌ಗಳೂ ಅಲ್ಲಿಯವೇ.

ಮಾಟುಂಗಾ ರಾತ್ರಿಪಾಳಿ (ಮುಂಬೈ) ಉತ್ತರಿಸಿದ್ದು:

ಮೊದಲು ಲೆಕ್ಕವನ್ನು ಮುಗಿಸೋಣ. ಡೀಟಿಯಲ್ಲಿ ಎಐ (ಕಂಪ್ಯೂಟರ್ ಎದುರಾಳಿ) ಹೊಸ ಊರು ಕಟ್ಟುವ ಮೂರು ಸೆಟ್ಲರ್‌ಗಳೊಂದಿಗೆ ಆಟ ಆರಂಭಿಸುತ್ತದೆ, ನಿಮ್ಮ ಕೈಯಲ್ಲಿರುವುದು ಒಂದು. ಸಾಮಾನ್ಯ ವೇಗದಲ್ಲಿ ನೀವು ತಯಾರಿಸುವ ಮೊದಲ ಸೆಟ್ಲರ್‌ಗೆ 80 ಪ್ರೊಡಕ್ಷನ್, ಆಮೇಲೆ ಒಂದೊಂದಕ್ಕೂ ಬೆಲೆ ಏರುತ್ತದೆ. ಅಂದರೆ ಸ್ಟೋನ್‌ಹೆಂಜ್‌ನ 180ರಲ್ಲಿ ಹತ್ತಿರ ಹತ್ತಿರ ಎರಡು ಊರುಗಳೇ ಅಡಗಿವೆ. ಆ ಎರಡು ಊರುಗಳಲ್ಲಿ ಒಂದರಲ್ಲಿ ಹೋಲಿ ಸೈಟ್ ಹಾಕಿದರೆ ಟರ್ನ್‌ಗೆ ಒಂದು ಪ್ರಾಫೆಟ್ ಅಂಕ, ಅದರೊಳಗೆ ಶ್ರೈನ್ ಎಂಬ ಗುಡಿ ಕಟ್ಟಿದರೆ ಇನ್ನೊಂದು. ಮೊದಲ ಪ್ರಾಫೆಟ್‌ಗೆ ಬೇಕಾದದ್ದು 60 ಅಂಕ. ನಿಧಾನದ ದಾರಿ ನಿಜ, ಆದರೆ ಪ್ರಾಫೆಟ್ ತಪ್ಪಿಹೋದರೂ ಹೋಲಿ ಸೈಟ್ ನಿಮ್ಮದಾಗಿಯೇ ಉಳಿಯುತ್ತದೆ, ಬೆಟ್ಟದ ಸಾಲಿನ ಪಕ್ಕ ಇಟ್ಟಿದ್ದರೆ ಕೊನೆಯವರೆಗೂ ಫೇತ್ ಎಂಬ ಧಾರ್ಮಿಕ ಅಂಕ ಕೊಡುತ್ತಲೇ ಇರುತ್ತದೆ. ಹೀಗಾಗಿ ಡೀಟಿಯಲ್ಲಿ ಎರಡು ಸಂದರ್ಭಗಳನ್ನು ಬಿಟ್ಟರೆ ನಾನು ಸ್ಟೋನ್‌ಹೆಂಜ್ ತಂಟೆಗೆ ಹೋಗುವುದಿಲ್ಲ. ರಾಜಧಾನಿಯ ಸುತ್ತ ಕಾಡು ದಟ್ಟವಾಗಿದ್ದು, ಅದನ್ನು ಕಡಿದು ಒಮ್ಮೆಗೇ ಪ್ರೊಡಕ್ಷನ್ ಸುರಿಯುವಂತಿದ್ದರೆ ಒಂದು ಕೈ ನೋಡಬಹುದು. ಚೀನಾದ ಚಿನ್ ಷಿ ಹುವಾಂಗ್ ಆಗಿ ಆಡುತ್ತಿದ್ದರೆ ಪ್ರಾಚೀನ ಮತ್ತು ಕ್ಲಾಸಿಕಲ್ ಯುಗದ ವಂಡರ್‌ಗಳಿಗೆ ಬಿಲ್ಡರ್ ಎಂಬ ಕೆಲಸಗಾರನ ಒಂದೊಂದು ಚಾರ್ಜ್ (ಅವನಿಂದ ಮಾಡಿಸಬಹುದಾದ ಒಂದು ಸಲದ ಕೆಲಸ) ಶೇ 15ರಷ್ಟು ಕೆಲಸ ಮುಗಿಸಿಕೊಡುವುದರಿಂದ ಆಗ ಧೈರ್ಯವಾಗಿ ಕಟ್ಟಬಹುದು.

ಇನ್ನು ಎರಡನೆಯ ಪ್ರಶ್ನೆ. ಆಟದ ವಿನ್ಯಾಸಕಾರರ ಪರವಾಗಿ ಒಂದು ಮಾತು ಹೇಳಬೇಕು: ವಂಡರ್ ಎಂದರೆ ಸ್ಪರ್ಧೆ. ಜಗತ್ತಿನಲ್ಲಿ ಒಂದೇ ಇರಬಹುದು, ಮೊದಲು ಮುಗಿಸಿದವರಿಗೆ ಮಾತ್ರ ಎಂಬ ನಿಯಮ 1991ರ ಮೊದಲ ಸಿವಿಲೈಸೇಶನ್‌ನಿಂದಲೂ ಇದೆ, ಮತ್ತು ಆರಂಭದ ಟರ್ನ್‌ಗಳಲ್ಲಿ ನೆರೆಯವರನ್ನು ಕಾಣದೆಯೂ ಅವರ ಬಿಸಿ ತಟ್ಟುವುದು ಈ ಒಂದು ನಿಯಮದಿಂದ. ಗಾಂಧಿ ಸ್ಟೋನ್‌ಹೆಂಜ್ ಕಟ್ಟಬಾರದು ಎಂದಾದರೆ ಆ ಪೈಪೋಟಿಯೇ ಇರುವುದಿಲ್ಲ. ಆದ್ದರಿಂದ ಹೆಸರನ್ನು ಹೆಸರಾಗಿ ನೋಡಿ, ಅದರ ಫಲ ಆ ಸ್ಥಳದ ಚರಿತ್ರೆಗೆ ಎಷ್ಟು ಹೊಂದುತ್ತದೆ ಎಂದು ಕೇಳುವುದು ನ್ಯಾಯ ಎಂದು ನನಗನಿಸುತ್ತದೆ.

ಹಾಗೆ ನೋಡಿದಾಗ ಹೆಚ್ಚಿನ ಫಲಗಳು ಹೊಂದುವುದೇ ಇಲ್ಲ. ಸ್ಟೋನ್‌ಹೆಂಜ್ ಸಿವಿಲೈಸೇಶನ್ 4ರಲ್ಲಿ ಪ್ರತಿ ಊರಿಗೂ ಒಂದು ಮಾನ್ಯುಮೆಂಟ್ ಅನ್ನು ಉಚಿತವಾಗಿ ಕೊಡುತ್ತಿತ್ತು, ಜೊತೆಗೆ ಜಗತ್ತಿನ ನಕಾಶೆಯನ್ನು ಮಧ್ಯಕ್ಕೆ ತರುತ್ತಿತ್ತು, 5ರಲ್ಲಿ ಮೊದಲು ಸಂಸ್ಕೃತಿ ಅಂಕ, 2012ರ ಗಾಡ್ಸ್ ಆ್ಯಂಡ್ ಕಿಂಗ್ಸ್ ವಿಸ್ತರಣೆ ಬಂದ ಮೇಲೆ ಫೇತ್, 6ರಲ್ಲಿ ಪ್ರಾಫೆಟ್. ಒಂದೇ ಕಲ್ಲಿನ ವೃತ್ತಕ್ಕೆ ಇಷ್ಟು ವೇಷ. ಆರಕಲ್‌ನದೂ ಇದೇ ಕಥೆ. 4ರಲ್ಲಿ ಅದನ್ನು ಮುಗಿಸಿದವರಿಗೆ ಒಂದು ತಂತ್ರಜ್ಞಾನ ಉಚಿತ. ಅದರಿಂದ ಸಿವಿಲ್ ಸರ್ವಿಸ್ ಎಂಬ ಮುಂದಿನ ಹಂತದ ತಂತ್ರಜ್ಞಾನಕ್ಕೆ ನೇರವಾಗಿ ಹಾರುವುದನ್ನು ಹಳೆಯ ಆಟಗಾರರು ಸ್ಲಿಂಗ್‌ಶಾಟ್ (ಕವಣೆ) ಎಂದು ಕರೆಯುತ್ತಿದ್ದರು. ಆದರೆ ನಿಜವಾದ ಡೆಲ್ಫಿ ಯಾರಿಗೂ ಹೊಸ ವಿದ್ಯೆ ಕಲಿಸಿದ್ದಲ್ಲ. ಅಪೊಲೊ ದೇವಾಲಯದ ಪಿಥಿಯಾ ಎಂಬ ಅರ್ಚಕಿಯ ಬಾಯಲ್ಲಿ ಅದು ಕೊಡುತ್ತಿದ್ದದ್ದು ಅನುಮತಿ. ಯುದ್ಧಕ್ಕೆ ಹೋಗಲೇ, ಈ ಕಾಯಿದೆ ಸರಿಯೇ, ಹೊಸ ವಸಾಹತನ್ನು ಎಲ್ಲಿ ಮಾಡಲಿ ಎಂದು ಗ್ರೀಕ್ ನಗರಗಳು ಅಲ್ಲಿಗೆ ದೂತರನ್ನು ಕಳಿಸುತ್ತಿದ್ದವು. ಥೇರಾ ದ್ವೀಪದವರು ಕ್ರಿ.ಪೂ. 7ನೆಯ ಶತಮಾನದಲ್ಲಿ ಆಫ್ರಿಕಾದ ಕರಾವಳಿಗೆ ಹೋಗಿ ಸೈರೀನ್ ನಗರವನ್ನು ನೆಲೆಗೊಳಿಸಿದ್ದು ಡೆಲ್ಫಿಯ ಒತ್ತಾಯದಿಂದ ಎಂದೇ ಗ್ರೀಕರ ಪರಂಪರೆ ಹೇಳುತ್ತದೆ. ಆ ಲೆಕ್ಕದಲ್ಲಿ ಆರಕಲ್ ಕಟ್ಟಿದವರಿಗೆ ಒಂದು ಸೆಟ್ಲರ್ ಕೊಟ್ಟಿದ್ದರೆ ಹೆಚ್ಚು ಸರಿಹೋಗುತ್ತಿತ್ತು!

ಡೆಲ್ಫಿಯ ನಿಜವಾದ ಗುಣ ಸಿವಿಲೈಸೇಶನ್ 4ರಲ್ಲಿ ಬೇರೊಂದು ಕಡೆ ಕಾಣಿಸುತ್ತದೆ. ಆ ಆಟದಲ್ಲಿ ಒಂದು ಧರ್ಮ ಹುಟ್ಟಿದ ಊರು ಅದರ ಹೋಲಿ ಸಿಟಿ ಆಗುತ್ತದೆ. ಅಲ್ಲಿ, ಅಲ್ಲಿ ಮಾತ್ರ, ಒಬ್ಬ ಗ್ರೇಟ್ ಪ್ರಾಫೆಟ್ ಹೋಗಿ ಆ ಧರ್ಮದ ಶ್ರೈನ್ ಕಟ್ಟಬಹುದು. ಹಿಂದೂ ಧರ್ಮಕ್ಕೆ ಕಾಶಿ ವಿಶ್ವನಾಥ, ಬೌದ್ಧ ಧರ್ಮಕ್ಕೆ ಮಹಾಬೋಧಿ. ಕಟ್ಟಿದ ಮೇಲೆ ಜಗತ್ತಿನಲ್ಲಿ ಆ ಧರ್ಮ ಹರಡಿದ ಪ್ರತಿ ಊರಿನಿಂದಲೂ, ಅದು ಶತ್ರುವಿನ ಊರಾದರೂ, ಟರ್ನ್‌ಗೆ ಒಂದು ಚಿನ್ನ ಆ ಕ್ಷೇತ್ರಕ್ಕೆ ಬಂದು ಬೀಳುತ್ತದೆ. ಡೆಲ್ಫಿಯ ಪವಿತ್ರ ಬೀದಿಯ ಇಕ್ಕೆಲಗಳಲ್ಲಿ ಗ್ರೀಕ್ ನಗರಗಳು ಪೈಪೋಟಿಯ ಮೇಲೆ ಕಟ್ಟಿಸಿದ ಕಾಣಿಕೆ ಭಂಡಾರಗಳು ಇದ್ದವು. ತಮ್ಮ ಚಿನ್ನ ಬೆಳ್ಳಿಯ ಗಣಿಗಳಿಂದ ಹಣ ಕಂಡ ಸಿಫ್ನೋಸ್ ಎಂಬ ಪುಟ್ಟ ದ್ವೀಪದವರು ಕೂಡ ಕ್ರಿ.ಪೂ. 525ರ ಸುಮಾರಿಗೆ ಅಲ್ಲೊಂದು ಅಮೃತಶಿಲೆಯ ಭಂಡಾರ ಕಟ್ಟಿಸಿದರು. ಕ್ಷೇತ್ರಕ್ಕೆ ಬಲ ಬರುವುದು ಹೊರಗಿನವರ ನಂಬಿಕೆಯಿಂದ ಎಂಬುದನ್ನು ಆ ಒಂದು ಚಿನ್ನದ ನಿಯಮ ಹಿಡಿದಿಟ್ಟಿದೆ, ಅದೂ 2005ರಲ್ಲೇ. ಮುಂದಿನ ಆಟಗಳಲ್ಲಿ ಅದನ್ನು ಅಷ್ಟು ನೇರವಾಗಿ ಉಳಿಸಿಕೊಳ್ಳದಿದ್ದದ್ದು ನನಗೆ ನಷ್ಟವೆಂದೇ ಕಾಣುತ್ತದೆ.

ಶಾಸನಪ್ರಿಯ (ಪುಣೆ) ಉತ್ತರಿಸಿದ್ದು:

ರಾತ್ರಿಪಾಳಿಯವರು ಆಟದ ಕಡೆಯಿಂದ ಚೆನ್ನಾಗಿ ಹೇಳಿದ್ದಾರೆ. ನಾನು ಆಟವನ್ನು ಮಗನ ಹೆಗಲ ಮೇಲಿಂದ ಇಣುಕಿ ನೋಡಿದವನು. ಸ್ಮಾರಕಗಳ ಬಗ್ಗೆ ಮಾತ್ರ ಸ್ವಲ್ಪ ಓದಿದ್ದೇನೆ. ಕೋಥ್ರೂಡ್‌ನವರೇ, ನೀವು ಹೇಳಿದ ನಿಯಮಗಳಲ್ಲಿ ನನ್ನ ಗಮನ ಸೆಳೆದದ್ದು ಪಕ್ಕದ ಟೈಲಿನಲ್ಲಿ ಕಲ್ಲಿರಬೇಕು ಎನ್ನುವುದು, ಏಕೆಂದರೆ ಸ್ಟೋನ್‌ಹೆಂಜ್‌ನ ಅಚ್ಚರಿ ಇರುವುದು ಇದಕ್ಕೆ ಸಂಪೂರ್ಣ ವಿರುದ್ಧವಾದ ಸಂಗತಿಯಲ್ಲಿ.

ಅದು ನಿಂತಿರುವುದು ಇಂಗ್ಲೆಂಡಿನ ಸಾಲಿಸ್‌ಬರಿ ಬಯಲಿನ ಸುಣ್ಣಕಲ್ಲಿನ ಮೆದುನೆಲದ ಮೇಲೆ. ಅಂಥ ಕಂಬಗಳಿಗೆ ತಕ್ಕ ಕಲ್ಲು ಆ ಜಾಗದ ಪಕ್ಕದಲ್ಲಿ ಸಿಗುವುದಿಲ್ಲ. ಕ್ರಿ.ಪೂ. 3000ದ ಸುಮಾರಿಗೆ ಅಲ್ಲಿ ಇದ್ದದ್ದು ಒಂದು ವೃತ್ತಾಕಾರದ ಕಂದಕ, ಮಣ್ಣಿನ ದಿಬ್ಬ, ಮತ್ತು ಸುಟ್ಟ ಶವಗಳ ಅಸ್ಥಿಯನ್ನು ಹೂಳುವ ಜಾಗ. ಇಂದು ಚಿತ್ರಗಳಲ್ಲಿ ಕಾಣುವ ಸಾರ್ಸನ್ ಎಂಬ ದೊಡ್ಡ ಕಲ್ಲುಗಳು ಎದ್ದದ್ದು ಇನ್ನೂ 500 ವರ್ಷಗಳ ನಂತರ, ಕ್ರಿ.ಪೂ. 2500ರ ಆಸುಪಾಸಿನಲ್ಲಿ. ಅವುಗಳ ಸರಾಸರಿ ತೂಕ 25 ಟನ್ನಿನಷ್ಟು. ಬಹುಪಾಲು ಬಂದದ್ದು ಉತ್ತರಕ್ಕೆ ಸುಮಾರು 25 ಕಿ.ಮೀ. ದೂರದ ವೆಸ್ಟ್ ವುಡ್ಸ್‌ನಿಂದ ಎಂಬುದು 2020ರಲ್ಲಿ ರಾಸಾಯನಿಕ ಪರೀಕ್ಷೆಯಿಂದ ಖಚಿತವಾಯಿತು. ಒಳಗಿನ ಚಿಕ್ಕ ನೀಲಿಕಲ್ಲುಗಳು ಬಂದದ್ದು ವೇಲ್ಸ್‌ನ ಪ್ರೆಸೆಲಿ ಬೆಟ್ಟಗಳಿಂದ, ಸುಮಾರು 240 ಕಿ.ಮೀ. ಆಚೆಯಿಂದ. ನಡುವೆ ಮಲಗಿರುವ, ವೇದಿಕೆಗಲ್ಲು ಎಂದು ಕರೆಯುವ ಸುಮಾರು 6 ಟನ್ನಿನ ಶಿಲೆಯಂತೂ ಸ್ಕಾಟ್ಲೆಂಡಿನ ಈಶಾನ್ಯ ಭಾಗದ್ದು ಎಂದು 2024ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಕನಿಷ್ಠ 700 ಕಿ.ಮೀ. ದೂರ! ಲೋಹದ ಉಳಿ ಇಲ್ಲ, ಗಾಡಿಯ ಚಕ್ರ ಇದ್ದುದಕ್ಕೆ ಕುರುಹಿಲ್ಲ, ಆಟದಲ್ಲಿರುವಂಥ ನಗರವಂತೂ ಇಲ್ಲವೇ ಇಲ್ಲ. ಸುಮಾರು 3 ಕಿ.ಮೀ. ದೂರದ ಡರಿಂಗ್ಟನ್ ವಾಲ್ಸ್ ಎಂಬಲ್ಲಿ ಚಳಿಗಾಲದ ಔತಣಗಳ ಕುರುಹು ಸಿಕ್ಕಿದೆ, ರಾಶಿ ರಾಶಿ ಹಂದಿಯ ಮೂಳೆಗಳು. ಅವುಗಳ ಪರೀಕ್ಷೆಯಿಂದ ಆ ಹಂದಿಗಳು ಬ್ರಿಟನ್ನಿನ ಬೇರೆ ಬೇರೆ ಮೂಲೆಗಳಿಂದ ನಡೆದು ಬಂದವು ಎಂದು ತಿಳಿದಿದೆ. ಅಂದರೆ ಮೊದಲು ಜನ ಬಂದು ಸೇರುವ ಜಾಗ, ಆಮೇಲೆ ಕಲ್ಲು. ಆಟದ ನಿಯಮ ಅದನ್ನು ತಲೆಕೆಳಗು ಮಾಡಿ, ಕಲ್ಲು ಇದ್ದಲ್ಲಿ ಪುಣ್ಯಸ್ಥಳ ಎಂದಿದೆ.

ಪ್ರಾಫೆಟ್ ವಿಷಯವೂ ಹಾಗೆಯೇ. ಸ್ಟೋನ್‌ಹೆಂಜ್ ಎಂದರೆ ಡ್ರುಯಿಡ್ ಪುರೋಹಿತರು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಕುಳಿತಿರುವುದು 17 ಮತ್ತು 18ನೆಯ ಶತಮಾನದ ಇಂಗ್ಲಿಷ್ ಪುರಾತತ್ತ್ವಾಸಕ್ತರಾದ ಜಾನ್ ಆಬ್ರಿ ಮತ್ತು ವಿಲಿಯಂ ಸ್ಟ್ಯೂಕ್ಲಿ ಅವರ ದೆಸೆಯಿಂದ. ಡ್ರುಯಿಡರ ಬಗ್ಗೆ ಬರಹದ ಸಾಕ್ಷ್ಯ ಸಿಗುವ ಹೊತ್ತಿಗೆ ಆ ಕಲ್ಲುಗಳು ನಿಂತು ಎರಡು ಸಾವಿರ ವರ್ಷ ಕಳೆದಿತ್ತು. ಕಟ್ಟಿದವರ ದೇವರ ಹೆಸರು ಒಂದೂ ಉಳಿದಿಲ್ಲ. ಉಳಿದಿರುವುದು ಬೇಸಿಗೆಯ ದೀರ್ಘ ಹಗಲಿನ ಸೂರ್ಯೋದಯಕ್ಕೂ ಚಳಿಗಾಲದ ಹ್ರಸ್ವ ಹಗಲಿನ ಸೂರ್ಯಾಸ್ತಕ್ಕೂ ಹೊಂದಿಸಿದ ಅಕ್ಷರೇಖೆ ಮಾತ್ರ. ಆ ದೃಷ್ಟಿಯಿಂದ ಅಸ್ಟ್ರಾಲಜಿ ಕಲಿತ ಮೇಲೆ ಕಟ್ಟಬೇಕೆಂಬ ಷರತ್ತನ್ನು ಒಪ್ಪಬಹುದು. ಪ್ರಾಸಂಗಿಕವಾಗಿ ಹೇಳುವುದಾದರೆ, ಆಟದಲ್ಲಿ ಚಿನ್ನ ಕೊಟ್ಟು ಕೊಳ್ಳಲಾಗದ ಆ ವಂಡರನ್ನು 1915ರಲ್ಲಿ ಸೆಸಿಲ್ ಚಬ್ ಎಂಬವರು ಹರಾಜಿನಲ್ಲಿ 6,600 ಪೌಂಡ್‌ಗೆ ಕೊಂಡು, 1918ರಲ್ಲಿ ದೇಶಕ್ಕೆ ದಾನ ಮಾಡಿದರು.

ನೀವು ಕಾರ್ಲೆಯ ಪ್ರಸ್ತಾಪ ಮಾಡಿದ್ದರಿಂದ ಇನ್ನೊಂದು ಮಾತು. ಮುಂದಿನ ಸಲ ಹೋದಾಗ ಚೈತ್ಯದ ಮುಖಮಂಟಪದ ಎಡಗಡೆಯ ಬರಹವನ್ನು ಹುಡುಕಿ ನೋಡಿ. ವೇಜಯಂತಿಯ ಸೆಟ್ಟಿ ಭೂತಪಾಲ ಎಂಬವನು ಈ ಶಿಲಾಗೃಹವನ್ನು ಪೂರ್ಣಗೊಳಿಸಿದನೆಂದೂ ಇದು ಜಂಬೂದ್ವೀಪದಲ್ಲೇ ಉತ್ತಮವಾದದ್ದೆಂದೂ ಅಲ್ಲಿ ಬ್ರಾಹ್ಮಿಯಲ್ಲಿ ಕೆತ್ತಿದ್ದಾರೆ. ಆ ವೇಜಯಂತಿಯನ್ನು ವಿದ್ವಾಂಸರು ಗುರುತಿಸುವುದು ನಮ್ಮ ಉತ್ತರ ಕನ್ನಡದ ಬನವಾಸಿಯೊಂದಿಗೆ. ಒಳಗಿನ ಕಂಬಗಳಲ್ಲಿ ಧೇನುಕಾಕಟದ ಯವನರು ಕೊಟ್ಟ ದಾನಗಳ ದಾಖಲೆಗಳೂ ಇವೆ. ಭಾರತದ ಅತಿ ದೊಡ್ಡ ಬಂಡೆಗೊರೆದ ಚೈತ್ಯ, ಸುಮಾರು 45 ಮೀಟರ್ ಉದ್ದದ್ದು, ಯಾವುದೋ ಒಬ್ಬ ರಾಜ ತನ್ನ ಊರಿನ ಪ್ರೊಡಕ್ಷನ್ ಸುರಿದು ಮಾಡಿಸಿದ್ದಲ್ಲ. ಘಟ್ಟದ ದಾರಿಯಲ್ಲಿ ಸರಕು ಸಾಗಿಸುತ್ತಿದ್ದ ದೂರದೂರದ ವರ್ತಕರು ಒಬ್ಬೊಬ್ಬರು ಒಂದೊಂದು ಕಂಬಕ್ಕೆ ಕೊಟ್ಟ ಹಣದಿಂದ ಆದದ್ದು. ವೇಲ್ಸ್‌ನಿಂದ ಕಲ್ಲು, ಸ್ಕಾಟ್ಲೆಂಡಿನಿಂದ ಕಲ್ಲು, ದೂರದಿಂದ ಹಂದಿ ಎಂಬ ಸ್ಟೋನ್‌ಹೆಂಜ್‌ನ ಲೆಕ್ಕವೂ ಇದೇ ಜಾತಿಯದು. ಪುಣ್ಯಸ್ಥಳದ ವಂಡರ್ ಒಂದಕ್ಕೆ ನಾನು ನಿಯಮ ಬರೆಯುವುದಾದರೆ, ಎಷ್ಟು ದೂರದ ಎಷ್ಟು ಊರುಗಳ ಪಾಲು ಅದರಲ್ಲಿದೆ ಎಂಬುದನ್ನೇ ಅಳತೆಗೋಲು ಮಾಡುತ್ತಿದ್ದೆ.

ಮಡಗಾಂವ್ ವಾಸಿ (ಗೋವಾ) ಉತ್ತರಿಸಿದ್ದು:

ಜಾಗಕ್ಕೇ ಅಂಟಿಕೊಂಡ ಪುಣ್ಯಸ್ಥಳ ಬೇಕೆಂದರೆ ಕ್ರುಸೇಡರ್ ಕಿಂಗ್ಸ್ 3 ಆಡಿ. ಅಲ್ಲಿ ಪವಿತ್ರ ಕ್ಷೇತ್ರವನ್ನು ಯಾರೂ ಕಟ್ಟುವುದಿಲ್ಲ. ಅದು ನಕಾಶೆಯಲ್ಲಿ ಮೊದಲೇ ಇದೆ, ನಿಮ್ಮ ಕೈಯಲ್ಲಿದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಉತ್ತರ ಯುರೋಪಿನ ಹಳೆಯ ಜರ್ಮಾನಿಕ್ ಧರ್ಮಕ್ಕೆ ಸ್ವೀಡನ್ನಿನ ಉಪ್ಸಾಲಾ, ಡೆನ್ಮಾರ್ಕಿನ ಲೇಯ್ರೆ, ಜರ್ಮನಿಯ ಪಾಡರ್‌ಬೋರ್ನ್ ಮೊದಲಾದವು ಕ್ಷೇತ್ರಗಳು. ಆ ಧರ್ಮವನ್ನು ಸಂಘಟಿತ ರೂಪಕ್ಕೆ ತರಬೇಕಾದರೆ ಅವುಗಳಲ್ಲಿ ಮೂರಾದರೂ ವಶದಲ್ಲಿರಬೇಕು. ಆಟ ಶುರುವಾಗುವ 867ನೆಯ ಇಸವಿಯಲ್ಲಿ ಪಾಡರ್‌ಬೋರ್ನ್ ಕ್ರೈಸ್ತರ ಕೈಯಲ್ಲಿದೆ, ಮತ್ತು ಅದು ಚರಿತ್ರೆಗೆ ಸರಿಯಾಗಿಯೇ ಇದೆ. ಸ್ಯಾಕ್ಸನ್ನರು ಪೂಜಿಸುತ್ತಿದ್ದ ಇರ್ಮಿನ್ಸೂಲ್ ಎಂಬ ಸ್ತಂಭವನ್ನು ಫ್ರಾಂಕರ ದೊರೆ ಶಾರ್ಲಮೇನ್ 772ರಲ್ಲಿ ಉರುಳಿಸಿದ್ದ. ಅಂದರೆ ಸ್ತಂಭ ಹೋಗಿ ತೊಂಬತ್ತೈದು ವರ್ಷವಾದ ಮೇಲೂ ಆ ನೆಲಕ್ಕಾಗಿ ನಿಮ್ಮ ವೈಕಿಂಗ್ ದೊರೆ ಯುದ್ಧಕ್ಕೆ ಹೋಗುತ್ತಾನೆ. ಕಟ್ಟಡವಿಲ್ಲದ ಪುಣ್ಯಸ್ಥಳದ ಸೆಳೆತವನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಆಟವನ್ನು ನಾನು ಕಂಡಿಲ್ಲ. ಉಪ್ಸಾಲಾದಲ್ಲಿ ಒಂಬತ್ತು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಬಲಿಯ ವರ್ಣನೆ 11ನೆಯ ಶತಮಾನದ ಪಾದ್ರಿಯೊಬ್ಬನ ಬರಹದಲ್ಲಿದೆ. ಇಂದು ಅಲ್ಲಿ ಕಾಣುವುದು ಹುಲ್ಲು ಬೆಳೆದ ರಾಜದಿಬ್ಬಗಳು, ಪಕ್ಕದಲ್ಲೊಂದು ಚರ್ಚು.

ಇದಕ್ಕಿಂತ ಹಳೆಯದಾದರೂ 2004ರ ರೋಮ್: ಟೋಟಲ್ ವಾರ್ ಆಟದಲ್ಲೂ ಹೀಗೆಯೇ. ಒಲಿಂಪಿಯಾದ ಝೂಸ್, ರೋಡ್ಸ್‌ನ ಕೊಲಾಸಸ್ ಮುಂತಾದವು ತಮ್ಮ ತಮ್ಮ ಪ್ರಾಂತ್ಯಗಳಲ್ಲೇ ನಿಂತಿರುತ್ತವೆ, ಪ್ರಾಂತ್ಯ ಹಿಡಿದವರಿಗೆ ಅದರ ಫಲ. ಸರಳ, ಆದರೆ ಪ್ರಾಮಾಣಿಕ.

ಡೆಲ್ಫಿಯ ಬಗ್ಗೆ ರಾತ್ರಿಪಾಳಿಯವರು ಹೇಳದೆ ಬಿಟ್ಟ ಭಾಗವೇ ಸ್ಟ್ರಾಟಜಿ ಆಟಕ್ಕೆ ಹೇಳಿ ಮಾಡಿಸಿದ್ದು. ಕ್ರಿ.ಪೂ. 356ರಲ್ಲಿ ಪಕ್ಕದ ಫೋಕಿಸ್ ನಾಡಿನವರು ಡೆಲ್ಫಿಯನ್ನು ವಶಪಡಿಸಿಕೊಂಡರು. ಆಮೇಲೆ ಕಾಣಿಕೆಯ ಚಿನ್ನ ಬೆಳ್ಳಿಯನ್ನು ಕರಗಿಸಿ ನಾಣ್ಯ ಹೊಡೆಸಿ ಕೂಲಿ ಸೈನಿಕರನ್ನು ಸಾಕಿದರು. ಹತ್ತು ವರ್ಷ ನಡೆದ ಆ ಯುದ್ಧ ಮುಗಿದಾಗ ಫೋಕಿಸ್‌ನವರಿಗೆ ಕ್ಷೇತ್ರದ ಆಡಳಿತ ಮಂಡಳಿಯಲ್ಲಿದ್ದ ಮತಗಳು ಕೈತಪ್ಪಿ, ಅದುವರೆಗೂ ಹೊರಗಿನವನೆನಿಸಿದ್ದ ಮ್ಯಾಸಿಡಾನಿನ ಫಿಲಿಪ್‌ಗೆ ಹೋದವು. ಗ್ರೀಸಿನ ಮೇಲೆ ಅವನ ಹಿಡಿತ ಬಿಗಿಯಾದದ್ದು ದೇವರ ಸೊತ್ತನ್ನು ಕಾಪಾಡುವ ಹೆಸರಿನಲ್ಲಿ. ಕ್ಷೇತ್ರವನ್ನು ಲೂಟಿ ಮಾಡಿದರೆ ಕೈಗೆ ಹಣ ಬರುತ್ತದೆ, ಅದೇ ಹೊತ್ತಿಗೆ ಸುತ್ತಲಿನ ಎಲ್ಲರಿಗೂ ನಿಮ್ಮ ಮೇಲೆ ಬೀಳಲು ಕಾರಣ ಸಿಗುತ್ತದೆ. ಇಂಥ ಆಯ್ಕೆಯನ್ನು ಆರಕಲ್ ಎಂಬ ವಂಡರ್ ಎಂದೂ ನಮ್ಮ ಮುಂದೆ ಇಟ್ಟಿಲ್ಲ.

ಆದರೆ ಪುಣ್ಯವೆಲ್ಲ ಜಾಗದಲ್ಲೇ ಇದೆ ಎಂಬ ಧ್ವನಿ ಈ ಚರ್ಚೆಯಲ್ಲಿ ಬಲವಾಗುತ್ತಿದೆ, ಅದನ್ನು ಗೋವಾದಲ್ಲಿ ಕುಳಿತು ನಾನು ಒಪ್ಪಲಾರೆ. ಪೋರ್ಚುಗೀಸರ ಕಾಲದಲ್ಲಿ, 1560ರ ದಶಕದಲ್ಲಿ, ಕುಶಸ್ಥಳಿಯ ಮಂಗೇಶನನ್ನೂ ಕೇಳಶಿಯ ಶಾಂತಾದುರ್ಗೆಯನ್ನೂ ಭಕ್ತರು ರಾತ್ರೋರಾತ್ರಿ ನದಿ ದಾಟಿಸಿ, ಆಗ ಬಿಜಾಪುರದ ಆದಿಲಶಾಹಿಗೆ ಸೇರಿದ್ದ ಫೋಂಡಾ ಸೀಮೆಗೆ ಕೊಂಡೊಯ್ದರು. ಇಂದು ಆ ದೇವರುಗಳ ಹೊಸ ಊರುಗಳಾದ ಮಂಗೇಶಿಗೋ ಕವಳೆಗೋ ಹೋದವರು ದೇವರು ಹಿಂದಿನ ಊರಿನಲ್ಲೇ ಉಳಿದರು ಎಂದು ಹೇಳುವುದಿಲ್ಲ. ಯುರೋಪಿನಲ್ಲೂ ಹೀಗಾದದ್ದುಂಟು. ಪರ್ಷಿಯನ್ನರನ್ನು ಪ್ಲಾಟಿಯಾದಲ್ಲಿ ಸೋಲಿಸಿದ ನೆನಪಿಗೆ ಗ್ರೀಕರು ಡೆಲ್ಫಿಗೆ ಅರ್ಪಿಸಿದ ಕಂಚಿನ ಸರ್ಪಸ್ತಂಭವನ್ನು ಚಕ್ರವರ್ತಿ ಕಾನ್‌ಸ್ಟಂಟೈನ್ ತನ್ನ ಹೊಸ ರಾಜಧಾನಿಗೆ ಸಾಗಿಸಿದ. ಹೆಡೆಗಳನ್ನು ಕಳೆದುಕೊಂಡು ಅದು ಈಗಲೂ ಇಸ್ತಾಂಬುಲ್‌ನಲ್ಲಿ ನಿಂತಿದೆ. ಜಾಗ ಬದಲಾಗದೆ ದೇವರೇ ಬದಲಾದದ್ದೂ ಇದೆ: ಅಥೆನ್ಸ್‌ನ ಪಾರ್ಥೆನಾನ್ ಮೊದಲು ಅಥೀನಾ ದೇವಿಯ ಗುಡಿ, ಆಮೇಲೆ ಚರ್ಚು, ಆಮೇಲೆ ಮಸೀದಿ, ಕೊನೆಗೆ ತುರ್ಕರ ಮದ್ದಿನ ಮನೆಯಾಗಿದ್ದಾಗ 1687ರಲ್ಲಿ ವೆನಿಸ್‌ನವರ ಗುಂಡು ಬಿದ್ದು ಸಿಡಿಯಿತು. ಕೋಥ್ರೂಡ್‌ನವರು ಕಾರ್ಲೆಯಲ್ಲಿ ಕಂಡದ್ದಕ್ಕೆ ಇದು ದೂರದ ನೆಂಟ. ಆಟದಲ್ಲಿ ವಂಡರ್ ಇರುವ ಊರನ್ನು ಗೆದ್ದರೆ ಫಲ ಗೆದ್ದವರಿಗೆ ಹೋಗುತ್ತದೆ, ಆದರೆ ಅದು ಅದೇ ಹಳೆಯ ಫಲ; ಹೊಸ ಒಡೆಯನ ಧರ್ಮಕ್ಕೆ ತಕ್ಕಂತೆ ಅದು ಬದಲಾಗುವುದಿಲ್ಲ. ನನ್ನ ಮುಖ್ಯ ತಕರಾರು ಅಲ್ಲಿದೆ.

ಕೋಥ್ರೂಡ್ ಕನ್ನಡಿಗ (ಪುಣೆ):

ಮೂವರಿಗೂ ಧನ್ಯವಾದಗಳು. ಡೀಟಿಯಲ್ಲಿ ಹೋಲಿ ಸೈಟ್ ದಾರಿಯನ್ನೇ ಹಿಡಿಯುತ್ತೇನೆ. ಬನವಾಸಿಯ ಸೆಟ್ಟಿಯ ಬರಹದ ಮುಂದೆಯೇ ನಿಂತು ನೋಡದೆ ಬಂದಿದ್ದೇನೆ ಎಂಬುದು ಈಗ ತಿಳಿಯಿತು. ದೀಪಾವಳಿ ರಜೆಯಲ್ಲಿ ಮತ್ತೆ ಹೋಗುತ್ತೇನೆ. ಶಾಸನಪ್ರಿಯ ಸರ್ ಹೇಳಿದ ಅಳತೆಗೋಲು ಮನಸ್ಸಿಗೆ ಹಿಡಿಸಿದೆ. ಪಕ್ಕದಲ್ಲಿ ಕಲ್ಲಿರಬೇಕೆಂಬ ನಿಬಂಧನೆಯನ್ನು ತೆಗೆದು, ಬದಲಿಗೆ ದೂರದ ಊರಿನೊಂದಿಗೆ ವ್ಯಾಪಾರ ಮಾರ್ಗ ಇರಲೇಬೇಕೆಂದು ಸ್ಟೋನ್‌ಹೆಂಜ್‌ಗೆ ಷರತ್ತು ಹಾಕುವ ಮಾಡ್ (ಆಟಗಾರರೇ ಆಟಕ್ಕೆ ಮಾಡುವ ತಿದ್ದುಪಡಿ) ಮಾಡಬಹುದೇ? ಪ್ರೋಗ್ರಾಮಿಂಗ್ ನನ್ನ ಹೊಟ್ಟೆಪಾಡು, ಆದರೆ ಈ ಆಟದ ಒಳಗಿನ ಕಡತಗಳನ್ನು ಮುಟ್ಟಿ ನೋಡಿಲ್ಲ. ಇದೇ ರೀತಿ ಬೇರೆ ಗ್ರೀಕ್ ವಂಡರ್‌ಗಳಲ್ಲಿ ಏನನ್ನು ತಿದ್ದಬಹುದೆಂದೂ ಹೇಳಿ.

ಶಾಸನಪ್ರಿಯ (ಪುಣೆ):

ಒಲಿಂಪಿಯಾದ ಝೂಸ್ ಪ್ರತಿಮೆಯಿಂದ ಶುರುಮಾಡಿ. ಮಗ ತೋರಿಸಿದ ಪ್ರಕಾರ ಅದನ್ನು ಕಟ್ಟಿದರೆ ಮೂವರು ಈಟಿಯವರು, ಮೂವರು ಬಿಲ್ಲಾಳುಗಳು ಮತ್ತು ಕೋಟೆ ಬಾಗಿಲು ಒಡೆಯುವ ಒಂದು ಯಂತ್ರ ಸಿಗುತ್ತದಂತೆ. ಕ್ರೀಡಾಕೂಟಕ್ಕೆ ಹೋಗಿಬರುವವರ ಮೇಲೆ ಯಾರೂ ಕೈಮಾಡಬಾರದೆಂದು ಪವಿತ್ರ ಕದನವಿರಾಮ ಸಾರುತ್ತಿದ್ದ ಕ್ಷೇತ್ರಕ್ಕೆ ಸಿಕ್ಕ ಫಲ ಇದು! ನಾನಾಗಿದ್ದರೆ ಕೆಲವು ಟರ್ನ್‌ಗಳ ಮಟ್ಟಿಗೆ ಯಾರೂ ಹೊಸದಾಗಿ ಯುದ್ಧ ಸಾರದಂತೆ ಮಾಡುತ್ತಿದ್ದೆ. ಸುಮಾರು 12 ಮೀಟರ್ ಎತ್ತರದ, ಚಿನ್ನ ಮತ್ತು ಆನೆದಂತದ ಆ ಪ್ರತಿಮೆಯ ಚೂರೂ ಉಳಿದಿಲ್ಲ, ಆದರೆ ಅದನ್ನು ಮಾಡಿದ ಫಿಡಿಯಾಸ್‌ನ ಕಾರ್ಯಾಗಾರವನ್ನು 1950ರ ದಶಕದಲ್ಲಿ ಜರ್ಮನ್ ಪುರಾತತ್ತ್ವಜ್ಞರು ಅಗೆದರು. ಮಣ್ಣಿನ ಅಚ್ಚುಗಳು, ದಂತದ ಚೂರುಗಳು ಸಿಕ್ಕವು. ಜೊತೆಗೆ ಕಪ್ಪು ಬಣ್ಣದ ಒಂದು ಪುಟ್ಟ ಕುಡಿಯುವ ಪಾತ್ರೆ, ಅದರ ತಳದಲ್ಲಿ ನಾನು ಫಿಡಿಯಾಸನದು ಎಂದು ಗೀಚಿದ ಅಕ್ಷರ. ಆರ್ಟೆಮಿಸ್ ದೇವಾಲಯವನ್ನು ಯುರೋಪಿನ ಪಟ್ಟಿಗೆ ಸೇರಿಸುವಾಗ ಮಾತ್ರ ಎಚ್ಚರವಿರಲಿ. ಎಫೆಸಸ್ ಇರುವುದು ಇಂದಿನ ತುರ್ಕಿಯ ಏಷ್ಯಾ ಭಾಗದಲ್ಲಿ.

ಮಾಟುಂಗಾ ರಾತ್ರಿಪಾಳಿ (ಮುಂಬೈ):

ಮಾಡ್ ಸಾಧ್ಯ, ಆದರೆ ಎರಡು ಭಾಗಗಳಾಗಿ ನೋಡಿ. ಕಟ್ಟಡಗಳ ಬೆಲೆ, ನೆಲದ ಷರತ್ತು, ಪಕ್ಕದ ಸಂಪನ್ಮೂಲ ಇವೆಲ್ಲ ಆಟದ ದತ್ತಾಂಶ ಕೋಷ್ಟಕಗಳಲ್ಲಿವೆ. ಎಕ್ಸ್‌ಎಂಎಲ್ ಅಥವಾ ಎಸ್‌ಕ್ಯೂಎಲ್ ಕಡತದಲ್ಲಿ ಕೆಲವೇ ಸಾಲು ಬರೆದು ಅವನ್ನು ಬದಲಿಸಬಹುದು. ಕಲ್ಲಿನ ಷರತ್ತು ತೆಗೆಯುವುದು, 180ನ್ನು ಏರಿಸುವುದು ಒಂದು ಸಂಜೆಯ ಕೆಲಸ. ಝೂಸ್ ಪ್ರತಿಮೆಯ ಸೈನಿಕರನ್ನು ತೆಗೆದುಹಾಕುವುದೂ ಅಷ್ಟೇ ಸುಲಭ. ವ್ಯಾಪಾರ ಮಾರ್ಗ ಇದ್ದರೆ ಮಾತ್ರ ಕಟ್ಟಬಹುದು ಎನ್ನುವುದಕ್ಕೆ ಲುವಾ ಸ್ಕ್ರಿಪ್ಟ್ ಬರೆಯಬೇಕಾಗುತ್ತದೆ, ಅಲ್ಲಿ ತಾಳ್ಮೆ ಬೇಕು. ಹೊಸ ಷರತ್ತಿನ ಅರಿವು ಎಐಗೆ ಇರುವುದಿಲ್ಲವಾದ್ದರಿಂದ ಅದು ಸ್ಟೋನ್‌ಹೆಂಜ್‌ಗಾಗಿ ಯೋಜನೆ ಹಾಕಿ ವ್ಯಾಪಾರಿಗಳನ್ನು ಕಳಿಸುವುದಿಲ್ಲ. ಅದರ ಬದಲು ನಾನು ಸೂಚಿಸುವುದು ಇನ್ನೊಂದು ದಾರಿ: ಕಟ್ಟಲು ಷರತ್ತು ಹಾಕದೆ, ಕಟ್ಟಿದ ಮೇಲೆ ಆ ಊರಿನಿಂದ ಹೊರಡುವ ಅಂತರರಾಷ್ಟ್ರೀಯ ವ್ಯಾಪಾರ ಮಾರ್ಗಗಳಿಗೆಲ್ಲ ಹೆಚ್ಚುವರಿ ಫೇತ್ ಸಿಗುವಂತೆ ಮಾಡಿ. ಇದನ್ನು ಆಟದಲ್ಲಿ ಈಗಾಗಲೇ ಇರುವ ಮಾಡಿಫೈಯರ್‌ಗಳನ್ನು (ಫಲ ನಿರ್ಧರಿಸುವ ಸಿದ್ಧ ನಿಯಮಗಳನ್ನು) ಬಳಸಿಯೇ ಮಾಡಿಕೊಳ್ಳಬಹುದು, ಎಐ ಕೂಡ ಎಡವುವುದಿಲ್ಲ, ಶಾಸನಪ್ರಿಯರು ಹೇಳಿದ ದೂರದವರ ಪಾಲು ಎಂಬ ಭಾವವೂ ಉಳಿಯುತ್ತದೆ. ಪರೀಕ್ಷೆಯನ್ನು ಹೊಸ ಆಟದಲ್ಲೇ ಮಾಡಿ. ಅರ್ಧಕ್ಕೆ ನಿಂತ ಸೇವ್‌ಗೆ ಮಾಡ್ ಸೇರಿಸಲು ಹೋದರೆ ಅದು ಲೋಡ್ ಆಗದೆ ಕೈಕೊಡಬಹುದು.